ಯಾವ ಅಂಗಕ್ಕೂ ಸೇರದ ಶಾಸ್ತ್ರ

ಹೃದಯಕ್ಕೊಬ್ಬ ತಜ್ಞ, ಮೂತ್ರಪಿಂಡಕ್ಕೊಬ್ಬ, ಚರ್ಮಕ್ಕೊಬ್ಬ. ಔಷಧ ಮಾತ್ರ ಎಲ್ಲರ ಕೈಯಲ್ಲೂ ಇದೆ; ಹಾಗಾಗಿಯೇ ಅದು ಯಾರೊಬ್ಬರ ಹೊಣೆಯೂ ಆಗಿಲ್ಲ. ಯಾರಿಗೆ ಯಾವ ಔಷಧ, ಎಷ್ಟು, ಎಷ್ಟು ದಿನ, ಯಾವುದರ ಜೊತೆ ಕೊಡಬಾರದು ಎಂದು ವಿಚಾರಿಸುವ ಕ್ಲಿನಿಕಲ್ ಫಾರ್ಮಕಾಲಜಿಯ ಪಾಡು ಇದು. ಈ ತಜ್ಞರನ್ನೇ ನೋಡಬೇಕೆಂದು ಯಾವ ರೋಗಿಯೂ ಹಟ ಹಿಡಿಯುವುದಿಲ್ಲ. ಅವರಿಂದ ಆಸ್ಪತ್ರೆಯ ಬಿಲ್ಲೂ ಏರುವುದಿಲ್ಲ, ಬಹುಶಃ ಇಳಿದೀತು. ಇಂಥ ಶಾಸ್ತ್ರ ಉಳಿಯಬೇಕಾದರೆ ಅದರ ಪರ ನಿಲ್ಲುವ ವೃತ್ತಿಸಂಘ ಬೇಕು, ಇದರಲ್ಲಿ ತಕರಾರಿಲ್ಲ. ಆ ಸಂಘ ಮಾಡಬೇಕಾದ್ದೇನು ಎಂಬಲ್ಲಿ ತಕರಾರಿದೆ.

ಸಂಘಗಳಿಗೆ ಸಲೀಸಾಗಿ ಒಗ್ಗುವುದು ವಾರ್ಷಿಕ ಸಮ್ಮೇಳನ, ಪದಕ, ಒಂದು ಪತ್ರಿಕೆ. 1931ರಲ್ಲಿ ಹುಟ್ಟಿದ ಬ್ರಿಟಿಷ್ ಫಾರ್ಮಕಾಲಜಿಕಲ್ ಸೊಸೈಟಿಯೂ ಇವನ್ನೆಲ್ಲ ಮಾಡಿದೆ. ಕ್ಲಿನಿಕಲ್ ಫಾರ್ಮಕಾಲಜಿಗೆಂದೇ 1974ರಲ್ಲಿ ಬೇರೆ ಪತ್ರಿಕೆ ತಂದಿತು. ಅದರಿಂದಷ್ಟೇ ವಿಷಯ ಬಲಗೊಳ್ಳಲಿಲ್ಲ. ವಿದ್ಯಾರ್ಥಿಗಳ ತಲೆಯ ಮೇಲಿನ ಮಾಹಿತಿಯ ಹೊರೆ ಇಳಿಸಬೇಕೆಂದು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ 1993ರಲ್ಲಿ ಹೇಳಿತು. ಸದುದ್ದೇಶದ ಸುಧಾರಣೆಯೇ. ಆದರೆ ಅದಾದ ಮೇಲೆ ಹಲವು ಕಾಲೇಜುಗಳಲ್ಲಿ ಔಷಧಶಾಸ್ತ್ರದ ಪ್ರತ್ಯೇಕ ಪಾಠ ಉಳಿದ ವಿಷಯಗಳೊಳಗೆ ಕರಗಿಹೋಯಿತು.

2006ರಲ್ಲಿ ಜೆಫ್ರಿ ಆರನ್ಸನ್, ಮೈಕೆಲ್ ರಾಲಿನ್ಸ್ ಮೊದಲಾದವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗ್ಗೆ ಎಚ್ಚರಿಸಿದರು. ತಮ್ಮ ವಿಷಯಕ್ಕೆ ಹೆಚ್ಚು ತಾಸು ಕೇಳುವುದು ಎಲ್ಲ ಪ್ರಾಧ್ಯಾಪಕರ ಚಾಳಿ ಎಂದು ಇದನ್ನು ತಳ್ಳಿಹಾಕಬಹುದಿತ್ತು. ಅನುಮಾನ ನ್ಯಾಯವಾದದ್ದೇ, ಸಂಘಗಳು ಜ್ಞಾನದ ಹೆಸರಲ್ಲಿ ಹುದ್ದೆಗಳನ್ನು ಕಾಯುವುದುಂಟು. ಆದರೆ 2009ರಲ್ಲಿ ಅದೇ ಕೌನ್ಸಿಲ್‌ನ ನೆರವಿನ ಅಧ್ಯಯನವೊಂದು ವಾಯವ್ಯ ಇಂಗ್ಲೆಂಡಿನ 19 ಆಸ್ಪತ್ರೆಗಳ ಒಂದು ಲಕ್ಷಕ್ಕೂ ಮೀರಿದ ಔಷಧ ಆದೇಶಗಳನ್ನು ಜಾಲಾಡಿತು. ನೂರಕ್ಕೆ ಸುಮಾರು ಒಂಬತ್ತರಲ್ಲಿ ತಪ್ಪಿತ್ತು. ಹೆಚ್ಚಿನವು ರೋಗಿಯನ್ನು ಮುಟ್ಟುವ ಮೊದಲೇ ಸಿಕ್ಕಿಬಿದ್ದವು, ಮುಖ್ಯವಾಗಿ ಫಾರ್ಮಸಿಸ್ಟರ ಕಣ್ಣಿಗೆ. ಎಳೆಯ ವೈದ್ಯರದ್ದಷ್ಟೇ ಅಲ್ಲ, ಹಿರಿಯ ತಜ್ಞರ ಚೀಟಿಗಳಲ್ಲೂ ತಪ್ಪುಗಳಿದ್ದವು.

ಇಲ್ಲಿ ಸೊಸೈಟಿ ಬುದ್ಧಿವಂತಿಕೆ ತೋರಿತು. ಹೆಚ್ಚು ಪ್ರಾಧ್ಯಾಪಕರನ್ನು ಕೊಡಿ ಎಂದಷ್ಟೇ ಗೋಗರೆಯುತ್ತ ಕೂರದೆ, ಮೆಡಿಕಲ್ ಸ್ಕೂಲುಗಳ ಮಂಡಳಿಯೊಡನೆ ಸೇರಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕಟ್ಟಿತು. ಎರಡು ಗಂಟೆ, 60 ಪ್ರಶ್ನೆ. ಔಷಧ ಬರೆಯುವುದು, ಬರೆದದ್ದರಲ್ಲಿ ತಪ್ಪು ಹುಡುಕುವುದು, ಪ್ರಮಾಣ ಲೆಕ್ಕ ಹಾಕುವುದು, ಅಡ್ಡಪರಿಣಾಮ ಗುರುತಿಸುವುದು. ರಾಷ್ಟ್ರೀಯ ಔಷಧ ಕೈಪಿಡಿಯನ್ನು ತೆರೆದಿಟ್ಟುಕೊಂಡೇ ಬರೆಯಬಹುದು. ವಾರ್ಡಿನಲ್ಲಿ ಯಾರೂ ಪುಸ್ತಕ ಕಸಿದುಕೊಳ್ಳುವುದಿಲ್ಲವಲ್ಲ. ಪರೀಕ್ಷೆ ಬಂದರೆ ಪಾಠ ತಾನಾಗಿ ಬರುತ್ತದೆ, ಪಾಠ ಬಂದರೆ ಕಲಿಸುವವರು ಬೇಕಾಗುತ್ತಾರೆ. ವಿಷಯ ಬೆಳೆಸುವುದಕ್ಕೆ ಇದಕ್ಕಿಂತ ಮರ್ಯಾದೆಯ ದಾರಿ ನನಗೆ ಕಾಣದು.

ನಮ್ಮಲ್ಲಿ ಫಾರ್ಮಕಾಲಜಿ ಎಂಬಿಬಿಎಸ್‌ನ ಎರಡನೆಯ ಹಂತದಲ್ಲೇ ಪರೀಕ್ಷೆ ಮುಗಿಸಿಕೊಂಡು ಹೊರಡುತ್ತದೆ. ವಿದ್ಯಾರ್ಥಿ ವಾರ್ಡಿನಲ್ಲಿ ನಿಜಕ್ಕೂ ಔಷಧ ಬರೆಯತೊಡಗುವ ಹೊತ್ತಿಗೆ ಅದು ನೆನಪು. ಕ್ಲಿನಿಕಲ್ ಫಾರ್ಮಕಾಲಜಿಯಲ್ಲಿ ಡಿಎಂ ಪದವಿ ಇರುವುದು ಬೆರಳೆಣಿಕೆಯ ಸಂಸ್ಥೆಗಳಲ್ಲಿ. ಮಾರುಕಟ್ಟೆಯಲ್ಲಾದರೋ ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆಸೆದ ಮಿಶ್ರಣಗಳ ಜಾತ್ರೆ. ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಚಂದ್ರಕಾಂತ ಕೋಕಾಟೆ ಅವರ ಸಮಿತಿ ಇವನ್ನು ಪರಿಶೀಲಿಸಿತು. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 344 ಮಿಶ್ರಣಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಮರುಪರಿಶೀಲನೆಯ ಬಳಿಕ 2018ರಲ್ಲಿ 328 ಮಿಶ್ರಣಗಳಿಗೆ ಮತ್ತೆ ನಿಷೇಧ ಬಿತ್ತು. ಸಮಿತಿಯೊಂದು ಕೂತು ಅತಾರ್ಕಿಕ ಎನ್ನುವವರೆಗೆ ಇವನ್ನು ದಿನವೂ ಬರೆದವರು ಪದವೀಧರ ವೈದ್ಯರೇ.

ನಿಷೇಧ ಸರ್ಕಾರದ ಕೆಲಸ. ಬರೆಯುವ ಕೈಯನ್ನು ಪಳಗಿಸುವ ಕೆಲಸಕ್ಕೆ ನಮ್ಮ ಔಷಧಶಾಸ್ತ್ರ ಸಂಘಗಳು ಹೆಗಲು ಕೊಡಬೇಕು, ಅದೂ ಔಷಧ ಕಂಪನಿಗಳ ಹಣ ಮುಟ್ಟದೆ. ಯಾವ ಮಾತ್ರೆ ಬೇಡ ಎಂದು ಹೇಳಬೇಕಾದವರ ಊಟದ ಖರ್ಚನ್ನು ಆ ಮಾತ್ರೆ ಮಾರುವವರು ಕೊಡುವುದು ಸರಿಹೋಗದು. ಪರೀಕ್ಷೆಗೆ ಬೇಕಾದ ಪುಸ್ತಕವಂತೂ ಇದ್ದೇ ಇದೆ: ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನ್ಯಾಷನಲ್ ಫಾರ್ಮುಲರಿ ಆಫ್ ಇಂಡಿಯಾವನ್ನು ಹೊರತರುತ್ತಿದೆ. ಅದನ್ನು ಮುಂದಿಟ್ಟುಕೊಂಡು 60 ಪ್ರಶ್ನೆ ತೆಗೆಯಲು ಕಾನೂನೇನೂ ಬದಲಾಗಬೇಕಿಲ್ಲ. ನಾಲ್ಕಾರು ಕಾಲೇಜುಗಳು ಒಪ್ಪಿದರೆ ಮುಂದಿನ ಸಾಲಿನ ಇಂಟರ್ನ್‌ಗಳಿಂದಲೇ ಶುರುಮಾಡಬಹುದು.