ಎದೆಯ ಗಾಯವೂ ಮೂರು ತಿಂಗಳ ರಜೆಯೂ

ಹೃದಯದ ಶಸ್ತ್ರಚಿಕಿತ್ಸೆಗೆ ಎದೆಯ ನಡುವಣ ಎಲುಬನ್ನು ಸೀಳಲೇಬೇಕೆಂಬ ಕಾಲ ಹೋಯಿತು. ಪಕ್ಕೆಲುಬುಗಳ ಸಂದಿನಲ್ಲಿ ಕೆಲವೇ ಅಂಗುಲದ ಗಾಯ ಮಾಡಿ ಹೃದಯದ ಕವಾಟವನ್ನು ಸರಿಪಡಿಸುವ ಕ್ರಮವು ನಮ್ಮ ಮಹಾನಗರಗಳ ದೊಡ್ಡ ಆಸ್ಪತ್ರೆಗಳಿಗೂ ಬಂದಿದೆ. ಗಾಯ ಚಿಕ್ಕದಾದರೆ ಬೇಗನೆ ಕೆಲಸಕ್ಕೆ ಹೋಗಬಹುದೆಂಬ ಆಸೆಯಿಂದ ನಮ್ಮ ಬಾಂಧವರು ಸಾಲಕ್ಕೆ ಕೈಯೊಡ್ಡುವ ಮುನ್ನ, ಈ ಮಾತಿನಲ್ಲಿ ಎಷ್ಟು ದಿಟವಿದೆಯೆಂಬುದನ್ನು ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಬ್ರಿಟನ್ನಿನಲ್ಲಿ ಮೈಟ್ರಲ್ ಕವಾಟದ ದೋಷವುಳ್ಳ 330 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ ಎರಡೂ ಕ್ರಮಗಳನ್ನು ಹೋಲಿಸಿ ನೋಡಿದರು. ಅದರ ಫಲ 2023ರಲ್ಲಿ ಪ್ರಕಟವಾಯಿತು. ನಾಲ್ಕು ದಿನಗಳೊಳಗೆ ಮನೆಗೆ ತೆರಳಿದವರು ಚಿಕ್ಕ ಗಾಯದವರಲ್ಲಿ ನೂರಕ್ಕೆ 33, ಎಲುಬು ಸೀಳಿದವರಲ್ಲಿ ನೂರಕ್ಕೆ 15. ಆದರೆ 12 ವಾರಗಳು ತುಂಬುವಷ್ಟರಲ್ಲಿ ನಡೆದಾಡುವ, ದುಡಿಯುವ ಶಕ್ತಿಯಲ್ಲಿ ಇಬ್ಬರಿಗೂ ಗಣನೀಯವಾದ ಅಂತರ ಉಳಿಯಲಿಲ್ಲ. ಲಾಭವೆಲ್ಲ ಮೊದಲ ವಾರಗಳದು. ಅನೇಕ ರಕ್ತನಾಳಗಳಿಗೆ ಬೈಪಾಸ್ ಬೇಕಾದವರಿಗೆ ಹೆಚ್ಚಾಗಿ ಹಳೆಯ ಕ್ರಮವೇ ಗತಿ.

ಆ ಮೊದಲ ದಿನಗಳಲ್ಲಿ ಗಾಯದ ಅಳತೆಯಷ್ಟೇ ಮುಖ್ಯವಾದುದು ರೋಗಿ ಹಾಸಿಗೆಯಿಂದ ಏಳುವುದು. ಹೃದಯಾಘಾತವಾದವನು ವಾರಗಟ್ಟಲೆ ಅಲುಗಾಡಬಾರದೆಂದು ವೈದ್ಯರೇ ವಿಧಿಸುತ್ತಿದ್ದ ಕಾಲವೊಂದಿತ್ತು. ಅಂಥವರನ್ನು ಕುರ್ಚಿಯಲ್ಲಿ ಕುಳ್ಳಿರಿಸಬಹುದೆಂದು ಬಾಸ್ಟನ್ನಿನ ಡಾ. ಲೆವೈನ್ ಮತ್ತು ಡಾ. ಲೌನ್ 1952ರಲ್ಲಿ ತೋರಿಸಿಕೊಟ್ಟರು. ಇಂದು ಶಸ್ತ್ರಚಿಕಿತ್ಸೆಯಾದವರನ್ನು, ಸ್ಥಿತಿ ನೆಟ್ಟಗಿದ್ದರೆ, ಮರುದಿನವೇ ಕುರ್ಚಿಗೆ ಇಳಿಸುತ್ತಾರೆ. ಬಳಿಕ ಮೊಗಸಾಲೆಯಲ್ಲಿ ನಡೆಸುತ್ತಾರೆ. ಮನೆಗೆ ಕಳುಹುವ ಮುನ್ನ ಮೆಟ್ಟಿಲು ಹತ್ತಿಸುತ್ತಾರೆ. ಮಲಗಿಯೇ ಇದ್ದರೆ ಶ್ವಾಸಕೋಶದ ತಳಭಾಗ ಅರಳದು, ಕಫ ಕಟ್ಟುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ಎದೆಗೆ ದಿಂಬು ಅವಚಿಕೊಂಡು ಕೆಮ್ಮಬೇಕು, ದೀರ್ಘವಾಗಿ ಉಸಿರೆಳೆಯಬೇಕು. ಚಿಕ್ಕ ಗಾಯದವರಿಗೂ ಇದು ತಪ್ಪಿದ್ದಲ್ಲ. ಪಕ್ಕೆಯ ನರದ ನೋವು ಒಮ್ಮೊಮ್ಮೆ ದೊಡ್ಡ ಗಾಯದ ನೋವಿಗಿಂತ ಕಡಿಮೆಯೇನೂ ಇರದು. ನೋಡಲು ಬಂದ ಕೋಣೆಯ ಗೆಳೆಯರು ಎಳನೀರು ಕೊಟ್ಟು, “ಸುಮ್ಮನೆ ಮಲಗು ಮಾರಾಯ” ಎನ್ನುವುದು ಪ್ರೀತಿಯಿಂದಲೇ ಆದರೂ, ಆ ಉಪದೇಶವನ್ನು ಬಿಟ್ಟು ಅವನ ಜೊತೆಗೆ ಹತ್ತು ಹೆಜ್ಜೆ ನಡೆದರೆ ಹೆಚ್ಚಿನ ಉಪಕಾರವಾದೀತು.

ಉಕ್ಕಿನ ತಂತಿಯಿಂದ ಬಿಗಿದ ಎಲುಬು ಕೂಡಲು ಎರಡು ಮೂರು ತಿಂಗಳು ಬೇಕು. ಗುಮಾಸ್ತನು ವೈದ್ಯರ ಒಪ್ಪಿಗೆ ಪಡೆದು ಅದಕ್ಕೆ ಮುಂಚೆಯೇ ಮೇಜಿಗೆ ಮರಳಬಹುದು. ಇಡ್ಲಿಯ ಹಬೆಪಾತ್ರೆ ಇಳಿಸುವವನಿಗೆ, ನೀರಿನ ಕೊಡ ಎತ್ತುವವನಿಗೆ ಅದು ಸಲ್ಲದು. ಇ.ಎಸ್.ಐ. ವಿಮೆಯುಳ್ಳವರಿಗೆ, ನಿಯಮದಂತೆ ಕಂತು ಸಂದಿದ್ದರೆ, ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ನೂರಕ್ಕೆ 70ರಷ್ಟು ಕಾಯಿಲೆಯ ಭತ್ಯೆ ದೊರೆಯುತ್ತದೆ. ಎಲುಬು ಕೇಳುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಸಾಲ ಮಾಡಿ ಚಿಕ್ಕ ಗಾಯವನ್ನು ಕೊಳ್ಳುವುದಕ್ಕಿಂತ ಈ ಹಕ್ಕನ್ನು ಕೇಳಿ ಪಡೆಯುವುದೇ ಲೇಸೆಂದು ನಮ್ಮ ಮತ. ವಿಮೆಗೆ ಒಳಪಡದ ಸಣ್ಣ ಹೋಟೆಲುಗಳ ಮಾಲೀಕರಾದರೂ, ಅಡಿಗೆಮನೆಯಿಂದ ಆಸ್ಪತ್ರೆಗೆ ಹೋಗಿಬಂದ ಹುಡುಗನನ್ನು ಮೂರು ತಿಂಗಳು ತುಂಬುವವರೆಗೆ ಗಲ್ಲೆಯಲ್ಲಿ ಕುಳ್ಳಿರಿಸಿಕೊಳ್ಳುವರೆಂದು ನಂಬುತ್ತೇವೆ.