ಅಂಗಳಕ್ಕೆ ಬಂದ ಶಾಲೆ

ನವಲಿ, ಕಾರಟಗಿ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ದುಡಿಯುವ ಬಾಂಧವರಿಗೂ, ಸಂತೆಯಲ್ಲಿ ಅಂಗಡಿ ಹಚ್ಚುವ ಸಣ್ಣ ವ್ಯಾಪಾರಸ್ಥರಿಗೂ ಅಂಗನವಾಡಿ ಎಂಬ ಮಾತು ಹೊಸದಲ್ಲ. ಭತ್ತದ ನಾಟಿಗೆ ತಾಯಿ ಗದ್ದೆಗಿಳಿದರೆ ಕೂಸು ಎಲ್ಲಿರಬೇಕೆಂಬ ಪ್ರಶ್ನೆಗೆ ಬಡವರ ಕೇರಿಯಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ಅದೇ. ಅಲ್ಲಿ ತತ್ತಿ ಕೊಡುತ್ತಾರೆ, ಊಟ ಹಾಕುತ್ತಾರೆ, ತೂಕ ನೋಡಿ ಬರೆದಿಡುತ್ತಾರೆ. ಇಷ್ಟೇ ಅದರ ಕೆಲಸವೆಂದು ಬಹುಜನರ ತಿಳಿವಳಿಕೆ. ಅದನ್ನು ಸರಕಾರವೇ ಹುಟ್ಟಿಸಿತೆಂದು ನಂಬಿದವರೂ ಕಡಿಮೆಯಿಲ್ಲ. ಸರಕಾರ ಅದನ್ನು ಎತ್ತಿಕೊಂಡಿತು, ಅಷ್ಟೇ. ಕಟ್ಟಿದವರು ಇಬ್ಬರು ಹೆಣ್ಣುಮಕ್ಕಳು.

ಮೊದಲನೆಯವರು ಶ್ರೀಮತಿ ತಾರಾಬಾಯಿ ಮೋಡಕ್. 1892ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಪದವಿ ಪಡೆದು, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರ ಸೇರಿ ಅಲ್ಲಿ ಮಕ್ಕಳ ಶಿಕ್ಷಣವನ್ನು ಅಭ್ಯಾಸ ಮಾಡಿದವರು. ಬಾಲಮಂದಿರವೆಂಬುದು ಉಳ್ಳವರ ಮಕ್ಕಳ ಸೊತ್ತಾಗಿಯೇ ಉಳಿದರೆ ಪ್ರಯೋಜನವೇನೆಂದು ಯೋಚಿಸಿ, 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲತೀರದ ಹಳ್ಳಿಗೆ ಬಂದರು. ಬಾಲವಾಡಿ ತೆರೆದರೆ ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಬರುವುದಾದರೂ ಹೇಗೆ? ಆಗ ತಾರಾಬಾಯಿಯವರು ಶಾಲೆಯನ್ನೇ ಎತ್ತಿಕೊಂಡು ಕೇರಿಯ ಅಂಗಳಕ್ಕೆ ನಡೆದರು. ಮರಾಠಿಯ ಅಂಗಣವೆಂದರೆ ನಮ್ಮ ಅಂಗಳ. ಅಂಗನವಾಡಿ ಎಂಬ ಹೆಸರಿನ ಬೇರು ಇಲ್ಲಿದೆ.

ಎರಡನೆಯವರು ಅನುತಾಯಿ ವಾಘ್. ಇಂದು ನಾವು ಮುಖ್ಯವಾಗಿ ಹೇಳಹೊರಟದ್ದು ಇವರ ಮಾತು. ಹುಟ್ಟಿದ್ದು 1910ರಲ್ಲಿ, ಪುಣೆಯ ಹತ್ತಿರದ ಮೋರಗಾಂವದಲ್ಲಿ. ಹದಿಮೂರನೆಯ ವಯಸ್ಸಿಗೆ ಮದುವೆ, ಆರು ತಿಂಗಳೊಳಗೆ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಯ ಪಾಲಿಗೆ ಉಳಿಯುತ್ತಿದ್ದುದು ಅಡಿಗೆಮನೆಯ ಮೂಲೆ. ಅನುತಾಯಿ ಆ ಮೂಲೆಯಲ್ಲಿ ಕೂಡಲಿಲ್ಲ. ಶಿಕ್ಷಕಿಯಾದರು, ಹಗಲು ಪಾಠ ಹೇಳುತ್ತ, ರಾತ್ರಿ ಶಾಲೆಯಲ್ಲಿ ಓದಿ ಮ್ಯಾಟ್ರಿಕ್ ಪಾಸಾದರು. (ದುಡಿದು ಬಂದ ಮೈಯಲ್ಲಿ ದೀಪದ ಮುಂದೆ ಕೂತು ಓದುವುದೆಂದರೇನೆಂಬುದು ರಾತ್ರಿ ಪಾಳಿಯ ನಮ್ಮ ಗೆಳೆಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.) 1945ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಪಟ್ಟಣದ ಭದ್ರವಾದ ನೌಕರಿ ಬಿಟ್ಟು ತಾರಾಬಾಯಿಯವರ ಜೊತೆಗೂಡಿದರು. 1992ರಲ್ಲಿ ಕಣ್ಣು ಮುಚ್ಚುವವರೆಗೆ ಆ ಕೆಲಸ ಬಿಡಲಿಲ್ಲ.

ಅವರು ಕಾಲಿಟ್ಟದ್ದು ಎಂಥ ಸೀಮೆಗೆ? ಜಮೀನುದಾರನ ಹೊಲದಲ್ಲಿ ಬಿಟ್ಟಿ ದುಡಿಯುತ್ತ, ಸಾಲಕ್ಕೆ ಸಿಕ್ಕು ಜೀತವಾಗಿದ್ದ ವಾರ್ಲಿ ಜನರ ಸೀಮೆ ಅದು. ಗೋದಾವರಿ ಪರುಳೇಕರರ ಮುಂದಾಳುತನದಲ್ಲಿ ವಾರ್ಲಿಗಳು ಬಿಟ್ಟಿಯ ವಿರುದ್ಧ ಎದ್ದುನಿಂತದ್ದೂ ಅದೇ 1945ರಲ್ಲಿಯೇ. ಒಂದು ಕಡೆ ತಂದೆತಾಯಂದಿರು ಕೂಲಿ ಕೇಳುತ್ತಿದ್ದರು. ಇನ್ನೊಂದು ಕಡೆ ಅವರ ಮಕ್ಕಳಿಗೆ ಅಕ್ಷರ ದೊರೆಯತೊಡಗಿತ್ತು. ಇವೆರಡೂ ಬೇರೆ ಬೇರೆ ಕೆಲಸಗಳೆಂದು ನಾವು ತಿಳಿಯುವುದಿಲ್ಲ.

1957ರಲ್ಲಿ ಕೆಲಸ ಕೋಸಬಾಡದ ಗುಡ್ಡಕ್ಕೆ ಸಾಗಿತು. ಮಾಂಟೆಸೊರಿ ಪದ್ಧತಿಯ ಸಾಮಾನು ಕೊಳ್ಳಲು ಹಣವೆಲ್ಲಿಯದು? ಬೀಜ, ಕಪ್ಪೆಚಿಪ್ಪು, ಹರಳು, ಎಲೆ, ಜೇಡಿಮಣ್ಣು, ಇವೇ ಸಾಮಾನಾದವು. ಹರಳಿನಿಂದ ಎಣಿಕೆ, ಎಲೆಯಿಂದ ಬಣ್ಣ ಮತ್ತು ಆಕಾರ. ಪಾಠಕ್ಕೆ ಮೊದಲು ಮಕ್ಕಳ ಮೈ ತೊಳೆಯುವುದು, ತಲೆ ಬಾಚುವುದು. ದನ ಕಾಯುವ ಹುಡುಗರು ಶಾಲೆಗೆ ಬರಲಾರರೆಂದಾಗ ಶಾಲೆ ಹುಲ್ಲುಗಾವಲಿಗೆ ಹೋಯಿತು. ಅದಕ್ಕೆ ಕುರಣಶಾಲೆ ಎಂದು ಹೆಸರು. ಹಸುಗೂಸನ್ನು ಕಂಕುಳಲ್ಲಿ ಹೊತ್ತ ಅಕ್ಕ ಶಾಲೆ ತಪ್ಪಿಸಬಾರದೆಂದು ಕೂಸಿನ ಮನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿ ವಿಕಾಸವಾಡಿ ಎಂದರು. ಬಡವರ ಮನೆಯ ಹೆಣ್ಣುಮಗು ಯಾಕೆ ಶಾಲೆ ಬಿಡುತ್ತದೆಂಬುದನ್ನು ಕಚೇರಿಯಲ್ಲಿ ಕೂತವರು ಕಂಡುಹಿಡಿಯಲಾರರು. ಕೇರಿಯಲ್ಲಿ ನಿಂತವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಬಂದಿತು, 1985ರಲ್ಲಿ ಅನುತಾಯಿಯವರಿಗೆ ಪದ್ಮಶ್ರೀ. ನಡುವೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿ ಅಂಗನವಾಡಿ ಎಂಬ ಹೆಸರನ್ನು ತನ್ನದಾಗಿ ಮಾಡಿಕೊಂಡಿತು. ನಮ್ಮ ರಾಜ್ಯದಲ್ಲಿ ಮೊದಲು ತಿ. ನರಸೀಪುರ. ಹೆಸರನ್ನು ತೆಗೆದುಕೊಂಡದ್ದು ಸಂತೋಷವೇ. ಆದರೆ ಆ ಹೆಸರಿನ ಹಿಂದಿದ್ದ ಶಿಕ್ಷಕಿಯನ್ನು ಏನು ಮಾಡಿತು? ಆಕೆಯನ್ನು ಸ್ವಯಂಸೇವಕಿ ಎಂದಿತು, ಸಂಬಳಕ್ಕೆ ಗೌರವಧನ ಎಂದಿತು. ಗಣತಿ, ಚುನಾವಣೆಯ ಪಟ್ಟಿ, ಬಾಣಂತಿಯರ ಲೆಕ್ಕ, ಈಗ ಮೊಬೈಲಿನಲ್ಲಿ ಫೋಟೋ ಏರಿಸುವುದು, ಎಲ್ಲವೂ ಆಕೆಯ ತಲೆಯ ಮೇಲೆ. ಇಷ್ಟಾದ ಮೇಲೆ ಹರಳೆಣಿಸಿ ಲೆಕ್ಕ ಕಲಿಸಲು ಹೊತ್ತೆಲ್ಲಿ?

2006ರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇವರದು ಸರಕಾರಿ ಹುದ್ದೆಯಲ್ಲವೆಂದು ತೀರ್ಪಿತ್ತಿತು. 2022ರ ಏಪ್ರಿಲಿನಲ್ಲಿ ಅದೇ ಕೋರ್ಟು ಗುಜರಾತಿನ ಮೊಕದ್ದಮೆಯಲ್ಲಿ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಕಾಯದೆಯ ಪ್ರಕಾರ ಗ್ರಾಚ್ಯುಟಿ ಸಲ್ಲಬೇಕೆಂದಿತು. ಗ್ರಾಚ್ಯುಟಿಯೆಂದರೇನೆಂದು ಗಿರಣಿಯವರಿಗೆ ಗೊತ್ತು. ಅದನ್ನು ದುಡಿದವರಿಗೆ ಕೊಡುತ್ತಾರೆ, ದಾನಿಗಳಿಗಲ್ಲ.

ಕೆಲವು ವ್ಯಾಪಾರಸ್ಥ ಗೆಳೆಯರು ನಮ್ಮನ್ನು ಕೇಳುವುದುಂಟು: "ಅಂಗನವಾಡಿಯಲ್ಲಿ ಪಾಠ ಎಲ್ಲಿ ಆಗತೈತ್ರಿ? ಅದಕ್ಕs ನಾವು ಸಾಲ ಮಾಡಿ ಕಾನ್ವೆಂಟಿಗೆ ಹಚ್ಚತೀವಿ." ಮಾತು ಸುಳ್ಳಲ್ಲ. ಆದರೆ ಮೂರು ವರ್ಷದ ಕೂಸಿನ ಕೈಗೆ ಇಂಗ್ಲಿಷ್ ಪುಸ್ತಕ ಕೊಟ್ಟು ಬೆನ್ನಿಗೆ ಚೀಲ ಕಟ್ಟುವುದು ಶಿಕ್ಷಣವಲ್ಲವೆಂಬುದನ್ನು ಗಿಜುಭಾಯಿ ನೂರು ವರ್ಷದ ಹಿಂದೆಯೇ ತೋರಿಸಿದ್ದರು. ಫೀಯಿಗೆಂದು ಸಾಲ ಮಾಡುವ ತಂದೆಯೂ ಗೌರವಧನದಲ್ಲಿ ದಿನ ನೂಕುವ ಶಿಕ್ಷಕಿಯೂ ಒಂದೇ ಕೇರಿಯವರು. ಒಬ್ಬರ ಕೂಲಿ ಹೆಚ್ಚಿದರೆ ಇನ್ನೊಬ್ಬರ ಸಾಲ ಇಳಿದೀತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತೆರೆಯುವ ಮಾತು ಬಂದಾಗ ಅಂಗನವಾಡಿಯವರು ಬೀದಿಗಿಳಿದದ್ದನ್ನು ಕೆಲವರು ಹೊಟ್ಟೆಪಾಡಿನ ಕೂಗೆಂದು ಹೀಗಳೆದರು. ಹೊಟ್ಟೆಪಾಡಿನ ಕೂಗು ಹೌದು. ಗಿರಣಿಯ ಬಾಗಿಲಲ್ಲಿ ನಾವು ಕೂಗುವುದೂ ಅದನ್ನೇ ಅಲ್ಲವೇ?

ಮುಂದಿನ ಗ್ರಾಮಸಭೆ ನವಲಿಯಲ್ಲಿ ಕೂಡಿದಾಗ ನಮ್ಮವರು ಎರಡು ಪ್ರಶ್ನೆ ಕೇಳಲಿ. ನಾಟಿ ಮತ್ತು ಕೊಯ್ಲಿನ ತಿಂಗಳುಗಳಲ್ಲಿ ತಾಯಂದಿರು ನಸುಕಿನಲ್ಲಿಯೇ ಗದ್ದೆಗೆ ಹೊರಡುವಾಗ, ಅವರ ಕೂಸುಗಳನ್ನು ಆ ಹೊತ್ತಿಗೇ ನೋಡಿಕೊಳ್ಳುವ ಏರ್ಪಾಟು ಏನಿದೆ? ಆ ಹೆಚ್ಚಿನ ಹೊತ್ತಿನ ಕೂಲಿಯನ್ನು ಯಾರು ಕೊಡುತ್ತಾರೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡೇ ಏಳಬೇಕು.