ಡ್ರೇಕನ ಆಟ, ಆಳಿನ ದಂಡ

ಇಂಗ್ಲೆಂಡಿನ ಹಳ್ಳಿಗಳ ಲಾನ್ ಬೌಲ್ಸ್ ಕ್ಲಬ್ಬುಗಳ ಚರಿತ್ರೆ ಬರೆಯಹೊರಟವರು ಮೊದಲು ಕರೆತರುವುದು ಸರ್ ಫ್ರಾನ್ಸಿಸ್ ಡ್ರೇಕನನ್ನು. 1588ರಲ್ಲಿ ಸ್ಪೇನಿನ ನೌಕಾಪಡೆ ಬಂದಾಗ ಆತ ಪ್ಲಿಮತ್‌ನ ಹುಲ್ಲಿನ ಮೇಲೆ ಚೆಂಡುರುಳಿಸುತ್ತಿದ್ದನಂತೆ. ಆಟ ಮುಗಿಸಿಯೇ ಯುದ್ಧಕ್ಕೆ ಹೊರಟನಂತೆ! ಅಂದಿನ ದಾಖಲೆಗಳಲ್ಲಿಲ್ಲದ ಈ ಕಥೆ ಹುಟ್ಟಿದ್ದು ದಶಕಗಳ ಅನಂತರ. ಬಹುಕಾಲ ಇತಿಹಾಸ ಬೋಧಿಸಿದ ನನಗೆ ಕಥೆಗಿಂತಲೂ ಅದು ಮರೆಮಾಚುವ ಸಂಗತಿಯೇ ಹೆಚ್ಚು ಚುಚ್ಚುತ್ತದೆ.

ಎಂಟನೆಯ ಹೆನ್ರಿಯ 1541ರ ಶಾಸನದಂತೆ ಕಸುಬುದಾರರು, ಬೇಸಾಯಗಾರರು, ಕೂಲಿಗಳು, ಆಳುಗಳು ಕ್ರಿಸ್‌ಮಸ್ ಹೊರತು ಈ ಆಟವನ್ನು ಆಡುವಂತಿರಲಿಲ್ಲ. ಆಗಲೂ ಒಡೆಯನ ಮನೆಯಲ್ಲಿ, ಇಲ್ಲವೆ ಅವನ ಕಣ್ಣೆದುರಿನಲ್ಲಿ! ತಪ್ಪಿದರೆ 20 ಷಿಲ್ಲಿಂಗ್ ದಂಡ. ಬಿಲ್ವಿದ್ಯೆ ಸೊರಗುತ್ತದೆಂಬುದು ನೆಪ. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಭೂಮಾಲಿಕ ಮಾತ್ರ ತನ್ನ ಆವರಣದೊಳಗೆ ಆಳುಗಳಿಗೆ ಅನುಮತಿ ನೀಡಬಹುದಿತ್ತು. ಅಲ್ಲಿ ಬಿಲ್ಲು ಸೊರಗದೇ?

ಈ ನಿರ್ಬಂಧ ರದ್ದಾದದ್ದು 1845ರಲ್ಲಿ, ಅಂದರೆ ಮುನ್ನೂರು ವರ್ಷಗಳಾದ ಮೇಲೆ. ಅದಕ್ಕೂ ಮೊದಲು, 1830ರಲ್ಲಿ, ಗ್ಲಾಸ್ಟರ್‌ಷೈರಿನ ಎಡ್ವಿನ್ ಬಡ್ಡಿಂಗ್ ಹುಲ್ಲು ಕತ್ತರಿಸುವ ಯಂತ್ರ ನಿರ್ಮಿಸಿದ್ದ. ಕುಡುಗೋಲು ಹಿಡಿದ ಆಳುಗಳ ಪಡೆಯಿಲ್ಲದವರಿಗೂ ಸಮತಟ್ಟಾದ ಹಸಿರಂಗಳ ಸಾಧ್ಯವಾಯಿತು. ಹಳ್ಳಿಯ ಕ್ಲಬ್ಬಿಗೆ ಮೂಲಪುರುಷನೊಬ್ಬ ಬೇಕೇ ಬೇಕೆಂದರೆ ಅವನ ಹೆಸರು ಬರೆಯಲಿ. ಡ್ರೇಕನ ಕಾಲದಲ್ಲಿ ತಮ್ಮೂರಿನ ಯಾವ ಕೂಲಿಯಾಳು ದಂಡ ತೆತ್ತನೆಂಬುದನ್ನೂ ಹುಡುಕಲಿ.